ಏಳು ಡಬ್ಬಿ, 60 ಕಾರ್ಡು, ಗಿಡಗಳ ಸಾಲಲ್ಲಿ ಕೂತಿರೋ ಒಂದು ಅಣಬೆ

ನಮ್ಮಕ್ಕನ ಮಗಳು ಈ ವರ್ಷ ಮಂಡ್ಯದಲ್ಲಿ ಫಸ್ಟ್ ಪಿಯುಸಿ, ಪಿಸಿಎಂಬಿ ತಗೊಂಡಿದಾಳೆ. ಬಯಾಲಜಿಯ ಮೊದಲನೇ ಚಾಪ್ಟರ್‌ಗೇ (ಜೀವಿಗಳನ್ನ ಗುಂಪು ಗುಂಪಾಗಿ ವಿಂಗಡಿಸೋದು) ಸುಸ್ತಾಗಿ ಫೋನ್ ಮಾಡಿ "ಮಾಮ, ಕಿಂಗ್ಡಮ್ ಫೈಲಮ್ ಕ್ಲಾಸ್ ಆರ್ಡರ್ ಅಂತ ಬಾಯಿಪಾಠ ಏನೋ ಆಗ್ತಿದೆ, ಆದ್ರೆ ಯಾಕೆ ಹಂಗೆ ಅಂತ ಒಂಚೂರೂ ಗೊತ್ತಾಗ್ತಿಲ್ಲ" ಅಂದ್ಲು. ನಾನು ಮೈಸೂರಲ್ಲಿ ಇರೋದು, ದೇವರಾಜ ಅರಸು ರಸ್ತೆ ಹಿಂದುಗಡೆ ಗಲ್ಲೀಲಿ ಸ್ಕೂಲಿಗೆ ಬೇಕಾದ ಮಾಡೆಲ್ಲು ಚಾರ್ಟು ಗ್ಲೋಬು ಮಾರೋ ಒಂದು ಹಳೇ ಅಂಗಡಿ ಇದೆ, ಅಲ್ಲಿ ಹೋಗಿ ವಿಚಾರಿಸಿದಾಗ ಸಿಕ್ಕಿದ್ದು ಈ ಸೆಟ್ಟು. ಅಂಗಡಿ ಹೆಸರು, ಮಾಡಿದೋರ ಹೆಸರು ಎರಡೂ ಬರಿಯಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ಬೈಯೋದಿದೆ, ಅಂಗಡಿಯೋರು ಪಾಪ ಒಳ್ಳೇ ಜನ.

ಸೆಟ್ಟಲ್ಲಿ ಏನಿದೆ ಅಂದ್ರೆ, ಎಂಡಿಎಫ್ ಹಲಗೇಲಿ ಮಾಡಿರೋ ಏಳು ಡಬ್ಬಿ, ಪಾತ್ರೆ ಅಂಗಡೀಲಿ ಸ್ಟೀಲ್ ಡಬ್ಬಿಗಳು ಒಂದರೊಳಗೊಂದು ಕೂತಿರ್ತವಲ್ಲ ಥೇಟ್ ಹಂಗೇ. ದೊಡ್ಡದು ಶೂ ಡಬ್ಬದಷ್ಟಿದೆ, ಚಿಕ್ಕದು ಇಸ್ಪೀಟ್ ಪ್ಯಾಕಿಗಿಂತ ಒಂಚೂರು ದೊಡ್ಡದು. ಮೇಲೆ ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಕುಲ, ಪ್ರಭೇದ ಅಂತ ಲೇಬಲ್ ಕೆತ್ತಿದಾರೆ, ಅಂದ್ರೆ ಕ್ರಮವಾಗಿ ಕಿಂಗ್ಡಮ್, ಫೈಲಮ್, ಕ್ಲಾಸ್, ಆರ್ಡರ್, ಫ್ಯಾಮಿಲಿ, ಜೀನಸ್, ಸ್ಪೀಷೀಸ್. ಜೊತೆಗೆ 60 ಕಾರ್ಡು, ಮುಂದೆ ಚಿತ್ರ ಮತ್ತೆ ಕನ್ನಡದ ಹೆಸರು, ಹಿಂದೆ ಆ ಜೀವಿಯ ಪೂರ್ತಿ ಏಳು ಹಂತ. ಒಂದು ಸಣ್ಣ ಪುಸ್ತಕ. ರೇಟು 1,150 ಹೇಳಿದ್ರು, ಚೌಕಾಶಿ ಮಾಡಿ 1,050ಕ್ಕೆ ತಂದೆ.

ಆಟ ಆಡೋದು ಹಿಂಗೆ. ಒಂದು ಕಾರ್ಡ್ ಆರಿಸ್ಕೋಬೇಕು, ನಾವು ಹುಲಿ ಇಟ್ವಿ. ಮೊದಲು ಪ್ರಾಣಿ ಕಾರ್ಡೆಲ್ಲ ದೊಡ್ಡ ಡಬ್ಬಿಗೆ, ಗಿಡದವು ಹೊರಗೆ. ಆಮೇಲೆ ಬೆನ್ನುಹುರಿ ಇರೋವೆಲ್ಲ ಅದರ ಒಳಗಿನ ಡಬ್ಬಿಗೆ, ನೊಣ ಏಡಿ ಚಿಟ್ಟೆ ಮೂರೂ ಸಾಮ್ರಾಜ್ಯದ ಡಬ್ಬೀಲೇ ನಿಂತ್ಕೊಂಡ್ವು. ಮೂರನೇದು ಹಾಲು ಕುಡಿಸೋವು, ಅಲ್ಲಿಗೆ ಮೀನು ಕಪ್ಪೆ ನಾಗರಹಾವು ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಹಿಂದೆ ಉಳಿದ್ವು. ಗಣ ಅಂದ್ರೆ ಮಾಂಸಾಹಾರಿ ಗುಂಪು, ಕಾರ್ನಿವೋರಾ, ಅಲ್ಲಿಗೆ ಆನೆ ಗೊರಿಲ್ಲಾ ಕಾಡೆಮ್ಮೆ ನೀರಾನೆ ಬಿಟ್ಟೋದ್ವು. ಕುಟುಂಬಕ್ಕೆ ಬಂದಾಗ ತೋಳ ಕರಡಿ ನೀರುನಾಯಿ ಹೋದ್ವು, ಕುಲಕ್ಕೆ ಬಂದಾಗ ಮನೆ ಬೆಕ್ಕು ಕಾಡುಬೆಕ್ಕು ಹೋದ್ವು, ಕೊನೇಗೆ ಸಿಂಹ ಚಿರತೆನೂ ಕೈಬಿಟ್ವು, ಪುಟಾಣಿ ಡಬ್ಬೀಲಿ ಹುಲಿ ಒಂದೇ. ಈಗ ಒಂದೊಂದೇ ಮುಚ್ಚಳ ತೆಗೀತಾ ವಾಪಸ್ ಹೊರಗೆ ಬಂದ್ರೆ ಹುಲಿಗೆ ಯಾರು ಎಷ್ಟು ದೂರ ಅಂತ ಬೆರಳಿಗೇ ಗೊತ್ತಾಗತ್ತೆ. ಸಿಂಹ ಒಂದು ಮುಚ್ಚಳ ದೂರ, ಬೆಕ್ಕು ಎರಡು, ಕರಡಿ ಮೂರು, ಆನೆ ನಾಲ್ಕು, ನಾಗರಹಾವು ಐದು, ನೊಣ ಆರು. ಇಷ್ಟಕ್ಕೇ ನನ್ನ ದುಡ್ಡು ವಸೂಲಾಯ್ತು ಅನ್ನಿಸಿಬಿಡ್ತು. ನಾವು ಓದೋವಾಗ ಮೇಷ್ಟ್ರು ಬೋರ್ಡ್ ಮೇಲೆ ಏಳು ಹೆಸರು ಮೇಲಿಂದ ಕೆಳಕ್ಕೆ ಬರೆದು ಬಾಣ ಹಾಕ್ತಿದ್ರು, ಅದು ಏಣಿ ಥರ ಕಾಣ್ತಿತ್ತು, ಒಂದರೊಳಗೆ ಒಂದು ಅನ್ನೋದು ನನ್ನ ತಲೆಗೆ ಹೋಗೇ ಇರ್ಲಿಲ್ಲ.

ಆದ್ರೆ ಈ ಸೆಟ್ಟಿನ ನಿಜವಾದ ತಾಕತ್ತು ಇರೋದು ಕನ್ನಡದ ಹೆಸರುಗಳಲ್ಲಿ. ಯಾರೋ ತಲೆ ಇರೋರು ಕಾರ್ಡ್ ಆರಿಸಿದಾರೆ. ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ ಮೂರೂ ಇಟ್ಟಿದಾರೆ. ಹುಡುಗಿ ಮೂರನ್ನೂ ಒಂದೇ ಕುಟುಂಬದ ಡಬ್ಬಿಗೆ ಹಾಕಿ ಜಂಭದಲ್ಲಿ ಕೂತ್ಲು, ಹಿಂದೆ ತಿರುಗಿಸಿ ನೋಡಿದ್ರೆ ಮೂರೂ ಬೇರೆ ಬೇರೆ ಗಣ! ಮುಳ್ಳುಹಂದಿ ಇಲಿ ಅಳಿಲಿನ ಗುಂಪು, ಚಿಪ್ಪುಹಂದಿಗೆ ಫೋಲಿಡೋಟಾ ಅಂತ ಅದರದೇ ಒಂದು ಗಣ, ಹಂದಿ ಅಂತ ಇರೋದು ಕಾಡುಹಂದಿ ಒಂದೇ. ನೀರಾನೆ ಆನೆಗೆ ಏನೂ ಆಗಬೇಕಾಗಿಲ್ಲ, ಗೊರಸಿನ ಗುಂಪು ಅದು, ಬದುಕಿರೋವ್ರಲ್ಲಿ ಅದರ ಹತ್ತಿರದ ನೆಂಟರು ತಿಮಿಂಗಿಲ ಅಂತೆ. ನೀರುನಾಯಿ ನಾಯಿ ಕುಟುಂಬ ಅಲ್ಲ. ಕತ್ತೆಕಿರುಬದಲ್ಲಿ ಕತ್ತೆ ಇಲ್ಲ, ನೋಡೋಕೆ ನಾಯಿ ಥರ ಇದ್ರೂ ನಾಯಿನೂ ಅಲ್ಲ, ಬೆಕ್ಕು ಮುಂಗುಸಿ ಕಡೆಯೋರು. ನನಗೆ ತುಂಬಾ ಮಜಾ ಅನ್ಸಿದ್ದು ಕಾಡೆಮ್ಮೆ. ನಾವು ತಲತಲಾಂತರದಿಂದ ಎಮ್ಮೆ ಎಮ್ಮೆ ಅಂತಿದೀವಿ, ಆದ್ರೆ ಕುಲದ ಡಬ್ಬೀಲಿ ಅದು ಕೂರೋದು ಹಸು ಜೊತೆ, ಎರಡೂ ಬಾಸ್, ಕಾಡೆಮ್ಮೆ ಬಾಸ್ ಗೌರಸ್. ಮನೆ ಎಮ್ಮೆ ಬೇರೆ ಕುಲ, ಬುಬಾಲಸ್. ಬಂಡೂರು ಕುರಿ ಕೂಡ ಇವರ ಕುಟುಂಬವೇ, ಬೋವಿಡೀ. ಹಳ್ಳೀಲಿ ಕಾಟಿ ಅಂತ ಕರಿಯೋರೇ ವಾಸಿ, ಅದರಲ್ಲಿ ಗೊಂದಲ ಇಲ್ಲ.

ಇನ್ನೊಂದು, ಹುಡುಗಿ ಕಂಡುಹಿಡಿದಿದ್ದು. ಪ್ರಾಣಿಗಳ ಕುಟುಂಬದ ಹೆಸರೆಲ್ಲ ಕೊನೇಲಿ ಇಡೀ ಅಂತ ಮುಗಿಯತ್ತೆ, ಫೆಲಿಡೀ, ಕ್ಯಾನಿಡೀ, ಬೋವಿಡೀ. ಅದೊಂದು ನಿಯಮ, ಯಾರೂ ಮನಸಿಗೆ ಬಂದ ಹಾಗೆ ಇಡೋ ಹಂಗಿಲ್ಲ. "ಇಡೀ ಅಂತ ಬಂದ್ರೆ ಇಡೀ ಕುಟುಂಬ ಮಾಮ" ಅಂದ್ಲು. ಗಿಡಗಳ ಕುಟುಂಬ ಏಸೀ ಅಂತ ಮುಗಿಯತ್ತೆ, ಪೋಯೇಸೀ, ಸೊಲನೇಸೀ, ಅದಕ್ಕೆ "ಗಿಡಗಳ ಮನೇಲಿ ಏಸಿ ಇದೆ" ಅಂತೆ. ಏಳು ಹಂತದ ಕ್ರಮಕ್ಕೆ ಅವಳದೇ ಒಂದು ವಾಕ್ಯ ಬೇರೆ, "ಸಾಯಂಕಾಲ ವಂದ್ ವಡೆ, ಗರಿಗರಿ, ಕುಂತ್ಕೊಂಡ್ ಕುರುಕು, ಪ್ರೀತಿಯಿಂದ". ಒಂದು ಅನ್ನೋದನ್ನ ವಂದು ಅಂತ ಬರೆದಿದ್ದಕ್ಕೆ ಅಕ್ಕ ಬೈದ್ಲು, ಆದ್ರೆ ಆರ್ಡರ್ ಮಾತ್ರ ಮರಿಯಲ್ಲ.

ಸರಿ, ಈಗ ಬೈಯೋ ಭಾಗ.

ಮೊದಲನೇದು ಅಣಬೆ. ಸೆಟ್ಟಲ್ಲಿ ಸಾಮ್ರಾಜ್ಯ ಅಂತ ಇರೋದು ಎರಡೇ, ಪ್ರಾಣಿ ಮತ್ತೆ ಸಸ್ಯ, ಅಣಬೆ ಕಾರ್ಡಿಗೆ ಹಸಿರು ಅಂಚು ಹಾಕಿ ಗಿಡಗಳ ಜೊತೆ ಕೂರಿಸಿದಾರೆ. ಸ್ವಾಮಿ, 1969ರಲ್ಲೇ ವಿಟೇಕರ್ ಅನ್ನೋರು ಐದು ಸಾಮ್ರಾಜ್ಯ ಅಂತ ಮಾಡಿ ಅಣಬೆ ಸೇರೋ ಶಿಲೀಂಧ್ರಗಳಿಗೆ ಬೇರೆ ಮನೆ ಕೊಟ್ರು, ಹುಡುಗಿಯ ಟೆಕ್ಸ್ಟ್‌ಬುಕ್ಕಲ್ಲೇ ಅದು ಇದೆ, ಪರೀಕ್ಷೇಗೂ ಬರತ್ತೆ. ಅಣಬೆ ಗಿಡದ ಥರ ಬಿಸಿಲಲ್ಲಿ ಊಟ ಮಾಡ್ಕೊಳ್ಳಲ್ಲ, ಅದರ ಜೀವಕೋಶದ ಗೋಡೇಲಿರೋದು ಕೈಟಿನ್, ಏಡಿ ಚಿಪ್ಪಲ್ಲಿರೋ ಅದೇ ಪದಾರ್ಥ. ನಾನು ಅಂಗಡಿಗೆ ಫೋನ್ ಮಾಡಿ ಹೇಳಿದೆ. "ಅಣಬೆ ಗಿಡ ಅಲ್ವಾ ಸಾರ್?" ಅಂದ್ರು. ಅಲ್ಲ ಸಾರ್ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು "ಮತ್ತೆ ತರಕಾರಿ ಅಂಗಡೀಲಿ ಮಾರ್ತಾರಲ್ಲ?" ಅಂದ್ರು. ನಗು ಬಂತು, ಆದ್ರೆ ಅವರದ್ದೂ ತಪ್ಪಿಲ್ಲ ಬಿಡಿ, ಹಳೇ ಕಾಲದ ದೊಡ್ಡ ದೊಡ್ಡ ವಿಜ್ಞಾನಿಗಳೇ ಅಣಬೇನ ಗಿಡ ಅಂತಾನೇ ಸೇರಿಸಿದ್ರು. ಬ್ಯಾಕ್ಟೀರಿಯಾಗಂತೂ ಈ ಸೆಟ್ಟಲ್ಲಿ ಜಾಗವೇ ಇಲ್ಲ, ದಿನಾ ಬೆಳಿಗ್ಗೆ ನಮ್ಮ ಇಡ್ಲಿ ಹಿಟ್ಟು ಉಬ್ಬಿಸೋವು ಅವೇ. 1990ರಲ್ಲಿ ವೋಸ್ ಅನ್ನೋ ವಿಜ್ಞಾನಿ ಮತ್ತೆ ಅವರ ಜೊತೆಗಾರರು ಸಾಮ್ರಾಜ್ಯಕ್ಕಿಂತಲೂ ಮೇಲೆ ಡೊಮೇನ್ ಅಂತ ಇನ್ನೊಂದು ಹಂತ ತಂದ್ರು, ಅಂದ್ರೆ ಎಂಟನೇ ಡಬ್ಬಿ ಬೇಕು. ಅದಿಲ್ಲದಿದ್ರೂ ಪರವಾಗಿಲ್ಲ, ಅಣಬೆ ಸರಿ ಮಾಡ್ಬೇಕಿತ್ತು.

ಎರಡನೇದು ಪದಗಳ ಗೊಂದಲ. ಡಬ್ಬಿ ಮೇಲೆ ಕುಲ ಅಂತ ಕೆತ್ತಿದಾರೆ, ಪುಸ್ತಕದಲ್ಲಿ ಅದೇ ಜಾಗಕ್ಕೆ ಜಾತಿ ಅಂತ ಬರೆದಿದಾರೆ, ನಾಲ್ಕು ಪುಟ ಆದ್ಮೇಲೆ ಪ್ರಭೇದಕ್ಕೂ ಜಾತಿ ಅಂತಾನೇ ಬರೆದಿದಾರೆ. ಕಲಿಯೋ ಮಗು ಏನ್ ಮಾಡ್ಬೇಕು? "ಜಾತಿ ಕುಲ ಎಲ್ಲಾ ಮದುವೆ ಮಾತುಕತೇಲಿ ಕೇಳಿ ಸಾಕಾಗಿದೆ, ಇದರಲ್ಲೂ ಬಂತಾ" ಅಂದ್ಲು ಅಕ್ಕ. ಒಂದು ಪದ ಇಟ್ಕೊಂಡು ಕೊನೇವರೆಗೂ ಅದನ್ನೇ ಬರೀಬೇಕಿತ್ತು. ಜೊತೆಗೆ ವೈಜ್ಞಾನಿಕ ಹೆಸರು ಬರೆಯೋ ರೀತಿನೂ ತಪ್ಪು. ಮೊದಲ ಪದ ಕುಲ, ಅದಕ್ಕೆ ಕ್ಯಾಪಿಟಲ್ ಅಕ್ಷರ. ಎರಡನೇದಕ್ಕೆ ಸಣ್ಣಕ್ಷರ, ಎರಡೂ ಓರೆ ಅಕ್ಷರದಲ್ಲಿ. ಇವರು ಪ್ಯಾಂಥೆರಾ ಟೈಗ್ರಿಸ್‌ನಲ್ಲಿ ಎರಡಕ್ಕೂ ಕ್ಯಾಪಿಟಲ್ ಹಾಕಿ ನೆಟ್ಟಗೆ ಪ್ರಿಂಟ್ ಮಾಡಿದಾರೆ. ಇದನ್ನ ನೋಡಿ ಬರೆದ್ರೆ ಮಾರ್ಕ್ಸ್ ಹೋಗತ್ತೆ.

ಮೂರನೇದು ಹಳೇ ಮಾಹಿತಿ, ಇದೇ ದೊಡ್ಡ ತಕರಾರು. ಕಾಳಿಂಗ ಸರ್ಪದ ಕಾರ್ಡ್ ಹಿಂದೆ ಓಫಿಯೋಫೇಗಸ್ ಹಾನಾ ಅಂತಿದೆ. ಹಾನಾ ಅನ್ನೋ ಹೆಸರು 1836ರಲ್ಲಿ ಬಂದಿದ್ದು, ಆಮೇಲೆ ಬಹಳ ಕಾಲ ಒಂದೇ ಪ್ರಭೇದ ಅಂತಾನೇ ನಡೀತು. ಆದ್ರೆ 2024ರಲ್ಲಿ ಅದನ್ನ ನಾಲ್ಕು ಪ್ರಭೇದ ಅಂತ ಬೇರೆ ಮಾಡಿದ್ರು, ನಮ್ಮ ಪಶ್ಚಿಮ ಘಟ್ಟದ್ದು ಈಗ ಓಫಿಯೋಫೇಗಸ್ ಕಾಳಿಂಗ. ನಮ್ಮ ಕನ್ನಡದ ಪದ ಕಣ್ರೀ, ಲ್ಯಾಟಿನ್ ಹೆಸರಿನ ಜಾಗದಲ್ಲಿ! ಕನ್ನಡದ ಮಕ್ಕಳಿಗೆ ಅಂತ ಸೆಟ್ ಮಾಡಿ ಅದನ್ನೇ ಬಿಟ್ಟಿದಾರೆ ಅಂದ್ರೆ ಹೊಟ್ಟೆ ಉರಿಯತ್ತೆ. ಪಕ್ಷಿ ಕಾರ್ಡುಗಳದ್ದೂ ಅದೇ ಕಥೆ. ಭಾವನ ಊರು ಮದ್ದೂರು ತಾಲೂಕು, ಕೊಕ್ಕರೆ ಬೆಳ್ಳೂರಿಗೆ ಹತ್ರ, ಅಲ್ಲಿ ಹೆಜ್ಜಾರ್ಲೆ ಮತ್ತೆ ಬಣ್ಣದ ಕೊಕ್ಕರೆ ಊರೊಳಗಿನ ಮರಗಳ ಮೇಲೇ ಗೂಡು ಕಟ್ತಾವೆ, ಹುಡುಗಿಗೆ ಆ ಹಕ್ಕಿಗಳು ಕೋಳಿ ಇದ್ದಂಗೆ, ಚೆನ್ನಾಗಿ ಗೊತ್ತು. ಕಾರ್ಡಲ್ಲಿ ಬೂದು ಬಕನ (ಗ್ರೇ ಹೆರಾನ್) ಕೊಕ್ಕರೆಯ ಗಣಕ್ಕೆ ಸೇರಿಸಿದಾರೆ. ಹಿಂದೆ ಹಂಗೇ ಇತ್ತು, ಉದ್ದ ಕಾಲು ಉದ್ದ ಕೊಕ್ಕು ನೋಡಿ ಒಟ್ಟಿಗೆ ಹಾಕಿದ್ರು. ಡಿಎನ್‌ಎ ನೋಡೋಕೆ ಶುರು ಮಾಡಿದ್ಮೇಲೆ ಬಕ ಹೆಜ್ಜಾರ್ಲೆ ಗಣಕ್ಕೆ ಹೋಯ್ತು, ಬಣ್ಣದ ಕೊಕ್ಕರೆ ತನ್ನ ಗಣದಲ್ಲೇ ಉಳೀತು. ಗಿಡ್ಡ ಕಾಲು, ಗಂಟಲ ಕೆಳಗೆ ಚೀಲ, ಈ ಹೆಜ್ಜಾರ್ಲೆಗೆ ಬಕ ನೆಂಟ ಅಂದ್ರೆ ಕಣ್ಣು ಒಪ್ಪಲ್ಲ, ಆದ್ರೆ ಅದೇ ನಿಜ.

ಹಂಗಾಗಿ ಲೇಬಲ್‌ಗಳನ್ನ ಕೆತ್ತಬಾರದಿತ್ತು, ಕಾರ್ಡ್ ಹಿಂದೆ ಪ್ರಿಂಟ್ ಮಾಡಿ ಲ್ಯಾಮಿನೇಷನ್ನೂ ಮಾಡಬಾರದಿತ್ತು. ಪೆನ್ಸಿಲ್ಲಲ್ಲಿ ಬರೆದು ಅಳಿಸೋ ಹಂಗೆ ಜಾಗ ಬಿಡಬೇಕಿತ್ತು. ಯಾಕಂದ್ರೆ ಹುಲಿ ಇದೆಯಲ್ಲ ಅದು ಯಾವತ್ತೂ ಹುಲಿನೇ, ಆದ್ರೆ ಡಬ್ಬಿ ಮಾಡಿದೋರು ಮನುಷ್ಯರು. 1758ರಲ್ಲಿ, ಜೀವಿಗಳಿಗೆ ಎರಡು ಪದದ ಹೆಸರಿಡೋ ಪದ್ಧತಿ ತಂದ ಲಿನೇಯಸ್ ಹುಲಿ ಸಿಂಹ ಚಿರತೆ ಮನೆ ಬೆಕ್ಕು ಎಲ್ಲವನ್ನೂ ಫೆಲಿಸ್ ಅನ್ನೋ ಒಂದೇ ಕುಲಕ್ಕೆ ಹಾಕಿದ್ದ, ದೊಡ್ಡ ಬೆಕ್ಕುಗಳಿಗೆ ಪ್ಯಾಂಥೆರಾ ಅನ್ನೋ ಬೇರೆ ಡಬ್ಬಿ ಆಮೇಲೆ ಬಂದಿದ್ದು. ಅವನ ಹತ್ರ ಏಳು ಡಬ್ಬಿನೂ ಇರ್ಲಿಲ್ಲ, ಸಾಮ್ರಾಜ್ಯ ವರ್ಗ ಗಣ ಕುಲ ಪ್ರಭೇದ ಅಷ್ಟೇ. ವಂಶ ಅಂದ್ರೆ ಫೈಲಮ್ ಅನ್ನೋ ಪದ ಹೆಕೆಲ್ ಅನ್ನೋ ವಿಜ್ಞಾನಿ ತಂದಿದ್ದು 1866ರಲ್ಲಿ. ಪುಸ್ತಕದಲ್ಲಿ ಇದೊಂದು ಮಾತೂ ಇಲ್ಲ, ಏಳು ಹಂತ ಆಕಾಶದಿಂದ ಉದುರಿತು ಅನ್ನೋ ಥರ ಬರೆದಿದಾರೆ.

ಡಬ್ಬಿಗಳ ಸೈಜಿಂದ ಇನ್ನೊಂದು ತಪ್ಪು ಕಲ್ಪನೆ ಬರತ್ತೆ. ಗಣದ ಡಬ್ಬಿ ಅಂದ್ರೆ ಎಲ್ಲರಿಗೂ ಅಷ್ಟೇ ದೊಡ್ಡದು ಅಂತ ಮಕ್ಕಳು ಅನ್ಕೋತಾರೆ. ಆನೆ ಗಣದಲ್ಲಿ ಈಗ ಬದುಕಿರೋದು ಒಂದೇ ಕುಟುಂಬ, ಎರಡು ಕುಲ, ಮೂರು ಪ್ರಭೇದ, ನಮ್ಮದೊಂದು ಆಫ್ರಿಕಾದ್ದು ಎರಡು. ಅದೇ ಜೀರುಂಡೆಗಳ ಗಣದಲ್ಲಿ ಹೆಸರಿಟ್ಟಿರೋವೇ ಸುಮಾರು 4 ಲಕ್ಷ. ಎರಡಕ್ಕೂ ಗಣ ಅಂತಾನೇ ಅನ್ನೋದು. ದಸರಾ ಆನೆ ಕಾರ್ಡ್ ಇಟ್ಟು ಆಡಿದಾಗ ಕೊನೇ ನಾಲ್ಕು ಡಬ್ಬೀಲೂ ಅದೊಂದೇ ಒಂಟಿಯಾಗಿ ಕೂತಿತ್ತು, ಹುಡುಗಿಗೆ ಬೋರಾಯ್ತು, ಆಫ್ರಿಕಾ ಆನೆ ಕಾರ್ಡ್ ಒಂದು ಕೊಟ್ಟಿದ್ರೆ ಕುಲ ಅಂದ್ರೇನು ಅಂತ ಎಷ್ಟು ಚೆನ್ನಾಗಿ ತೋರಿಸಬಹುದಿತ್ತು.

ಒಂದು ಭಾನುವಾರ ಕಾರ್ಡ್ ಕಟ್ಟು ಹಿಡ್ಕೊಂಡು ಮೈಸೂರು ಝೂಗೆ ಹೋದ್ವಿ (ಮಂಗಳವಾರ ರಜಾ, ದೂರದಿಂದ ಬರೋರು ನೆನಪಿಟ್ಕೊಳಿ). 1892ರಿಂದ ಇರೋ ಝೂ, ನಾನು ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ, ಆದ್ರೆ ಬೋರ್ಡಲ್ಲಿ ವೈಜ್ಞಾನಿಕ ಹೆಸರು ಓದಿದ್ದು ಇದೇ ಮೊದಲು. ಗೊರಿಲ್ಲಾ ಹತ್ರ ಹುಡುಗಿ ನಿಂತು ನಗೋಕೆ ಶುರು ಮಾಡಿದ್ಲು. 2021ರಲ್ಲಿ ಜರ್ಮನಿಯಿಂದ ಬಂದ ಎರಡು ಗೊರಿಲ್ಲಾ ಇದಾವಲ್ಲ, ಆ ಬಗೆಯದಕ್ಕೆ ಪೂರ್ತಿ ಹೆಸರು ಗೊರಿಲ್ಲಾ ಗೊರಿಲ್ಲಾ ಗೊರಿಲ್ಲಾ. ಕುಲ ಗೊರಿಲ್ಲಾ, ಪ್ರಭೇದ ಗೊರಿಲ್ಲಾ, ಉಪಪ್ರಭೇದನೂ ಗೊರಿಲ್ಲಾ. "ಮಾಮ, ಹೆಸರಿಡೋನಿಗೆ ಆವತ್ತು ಮೂಡ್ ಇರ್ಲಿಲ್ಲ ಅನ್ಸತ್ತೆ" ಅಂದ್ಲು. ಕಾರ್ಡಲ್ಲಿ ಎರಡೇ ಗೊರಿಲ್ಲಾ ಇತ್ತು, ಉಪಪ್ರಭೇದಕ್ಕೆ ಡಬ್ಬಿ ಇಲ್ಲವಲ್ಲ. ಅದೇ ಗೊರಿಲ್ಲಾ ಮತ್ತೆ ನಾವು ಒಂದೇ ಕುಟುಂಬ, ಹೋಮಿನಿಡೀ. ಕಂದಕದ ಆಚೆ ಅದು, ಈಚೆ ಪಾಪ್‌ಕಾರ್ನ್ ಹಿಡ್ಕೊಂಡು ನಾವು, ನಡುವೆ ಎರಡು ಮುಚ್ಚಳ.

ಪ್ರಭೇದದ ಕೆಳಗೆ ಏನೂ ಇಲ್ಲ ಅನ್ನೋದು ಗಿಡದ ಕಾರ್ಡಲ್ಲೂ ಕಾಡತ್ತೆ. ನಂಜನಗೂಡು ರಸಬಾಳೆ ಕಾರ್ಡ್ ಕೊಟ್ಟಿದಾರೆ, ಖುಷಿ, ಆದ್ರೆ ರಸಬಾಳೆ ಒಂದು ಪ್ರಭೇದ ಅಲ್ಲ, ತಳಿ. ಪುಟ್ಟಬಾಳೆ ಬೇರೆ ತಳಿ, ರುಚಿ ಬೇರೆ, ಎರಡನ್ನೂ ಬೇರೆ ಪ್ರಭೇದ ಅನ್ನೋಕಾಗಲ್ಲ. ಬಂಡೂರು ಕುರಿ ಕಾರ್ಡೂ ಇದೇ ಥರ, ಕುರಿ ಎಲ್ಲಾ ಒಂದೇ ಪ್ರಭೇದ, ಬಂಡೂರು ಅನ್ನೋದು ತಳಿ. ಒಳ್ಳೇದು ಹೇಳ್ಬೇಕಂದ್ರೆ ತರಕಾರಿ ಕಾರ್ಡು ಸೂಪರ್, ಬದನೆ ಟೊಮ್ಯಾಟೊ ಆಲೂಗಡ್ಡೆ ಮೂರೂ ಒಂದೇ ಕುಲ ಅಂತ ನಂಗೆ ಈ ವಯಸ್ಸಲ್ಲಿ ಗೊತ್ತಾಯ್ತು, ಮೆಣಸಿನಕಾಯಿ ಮತ್ತೆ ಹುಣಸೂರು ಕಡೆ ಬೆಳೆಯೋ ಹೊಗೆಸೊಪ್ಪು ಅದೇ ಕುಟುಂಬ. ವೀಳ್ಯದೆಲೆ ಕಾಳುಮೆಣಸು ಎರಡೂ ಒಂದೇ ಕುಲ, ಪೈಪರ್.

ಭಾವನ ವಿಚಾರ ಹೇಳ್ಬೇಕು. ಅವರು ಕಬ್ಬು ಭತ್ತ ರಾಗಿ ಬೆಳೆಯೋರು, ಈ ಆಟ ನೋಡಿ ಮೊದಲು "ಇದೇನ್ ಭಾಮೈದ, ಸಾವ್ರ ರೂಪಾಯಿ ಕೊಟ್ಟು ಖಾಲಿ ಡಬ್ಬಿ ತಂದಿದೀಯ" ಅಂದ್ರು. ಆಮೇಲೆ ಟೆಕ್ಸ್ಟ್‌ಬುಕ್ಕಲ್ಲಿ ಮನುಷ್ಯ, ನೊಣ, ಮಾವು, ಗೋಧಿ ಅಂತ ನಾಲ್ಕು ಉದಾಹರಣೆ ಇರೋದನ್ನ ನೋಡಿ "ಗೋದಿ ಯಾಕವ್ವಾ, ನಮ್ ಕಡೆ ಯಾರ್ ಬೆಳೀತಾರೆ, ರಾಗಿ ಇಡಬಾರ್ದಾ" ಅಂತ ಮಗಳನ್ನ ಕೇಳಿದ್ರು. ಅವಳು ರಾಗಿ ಭತ್ತ ಕಬ್ಬು ಜೋಳ ಬಿದಿರು ಗರಿಕೆ ಆರೂ ಕಾರ್ಡು ಒಂದೇ ಕುಟುಂಬದ ಡಬ್ಬಿಗೆ ಹಾಕಿ ತೋರಿಸಿದ್ಲು, ಗೋಧಿನೂ ಇದರಲ್ಲೇ ಬರತ್ತೆ, ಎಲ್ಲಾ ಹುಲ್ಲಿನ ಕುಟುಂಬ ಅಪ್ಪಾಜಿ ಅಂತ. ಭಾವ ಒಂದು ಗಳಿಗೆ ಕಾರ್ಡ್ ನೋಡಿ "ಹಂಗಾರೆ ನಾನು ಇಷ್ಟ್ ವರ್ಸದಿಂದ ಹುಲ್ಲು ಬೆಳೀತಿವ್ನಿ ಅನ್ನು" ಅಂದ್ರು. ಎಲ್ಲರೂ ನಕ್ವಿ. ಅವರು ನಗ್ಲಿಲ್ಲ, "ಸರಿಯಾಗೇ ಅದೆ ಕಣವ್ವಾ. ಕಬ್ಬಿಗೆ 2,4-ಡಿ ಹೊಡುದ್ರೆ ಅಗಲ ಎಲೆ ಕಳೆ ಎಲ್ಲಾ ಸತ್ತೋಯ್ತದೆ, ಕಬ್ಬಿಗೇನೂ ಆಗಲ್ಲ. ಗರಿಕೆನೂ ಸಾಯಕ್ಕಿಲ್ಲ, ಅದುನ್ನ ಕಿತ್ತೇ ಸಾಯ್ಬೇಕು. ಒಂದೇ ಮನೇವ್ರು ಅಂದ್ಮೇಲೆ ಔಸ್ದಿಗೆ ಹೆಂಗ್ ಗೊತ್ತಾಯ್ತದೆ ಯಾರ್ನ ಬುಡ್ಬೇಕು ಅಂತ" ಅಂದ್ರು. ಹುಡುಗಿ ನೋಟ್ಸಲ್ಲಿ ಬರ್ಕೊಂಡ್ಲು. ಪುಸ್ತಕದ 24 ಪುಟದಲ್ಲಿ ಇಂಥ ಒಂದು ಉದಾಹರಣೆ ಇಲ್ಲ ನೋಡಿ.

ಕ್ವಾಲಿಟಿ ಬಗ್ಗೆ ಬೇಗ ಹೇಳ್ಬಿಡ್ತೀನಿ. ಕಾರ್ಡು ಗಟ್ಟಿ, ಚಿತ್ರ ಚೆನ್ನಾಗಿದೆ. ಡಬ್ಬಿಗಳ ವಾರ್ನಿಷ್ ವಾಸನೆ ಒಂದು ವಾರ ಇತ್ತು. ಮಳೆಗಾಲದಲ್ಲಿ ಗಣದ ಡಬ್ಬಿ ಮುಚ್ಚಳ ಉಬ್ಬಿ ಕಚ್ಕೊಂಡು ಚಾಕು ಹಾಕಿ ಎಬ್ಬಿಸ್ಬೇಕಾಯ್ತು. ಕುಲದ ಡಬ್ಬೀಲಿ ಪ್ರಭೇದದ ಡಬ್ಬಿ ಇಟ್ಟು ಪಕ್ಕದಲ್ಲಿ ಸಿಂಹ ಚಿರತೆ ಎರಡು ಕಾರ್ಡ್ ತುರುಕಿದ್ರೆ ಮುಚ್ಚಳ ಸರಿಯಾಗಿ ಕೂರಲ್ಲ. ಹತ್ತು ವರ್ಷದೊಳಗಿನ ಮಕ್ಕಳಿಗೆ ಬೇಡ, ಹೈಸ್ಕೂಲು ಪಿಯುಸಿಗೆ ಸರಿ, ನೀಟ್‌ಗೆ ಓದೋರಿಗೆ ಮೊದಲನೇ ವಾರ ಮಾತ್ರ ಉಪಯೋಗ.

ಐದಕ್ಕೆ ಮೂರೂವರೆ ಕೊಡ್ತೀನಿ. ಅಣಬೆ ಸರಿ ಮಾಡಿ, ಕಾಳಿಂಗನ ಹೆಸರು ಬದಲಾಯಿಸಿ, ಕುಲ ಜಾತಿ ಗಲಾಟೆ ಮುಗಿಸಿದ್ರೆ ನಾಲ್ಕೂವರೆ. ತಗೊಳ್ಳೋರು ತಗೊಳಿ, ಆದ್ರೆ ಮನೆಗೆ ತಂದ ದಿನವೇ ಒಂದು ಬಿಳೀ ಸ್ಟಿಕರ್ ಶೀಟು ಪೆನ್ನು ಇಟ್ಕೊಂಡು ಕೂತು ತಿದ್ದಿ, ನಾವು ಹಂಗೇ ಮಾಡಿದ್ದು, ಆ ತಿದ್ದೋ ಕೆಲಸದಲ್ಲೇ ಹುಡುಗಿ ಅರ್ಧ ಚಾಪ್ಟರ್ ಕಲಿತ್ಲು. ಅಣಬೆ ಕಾರ್ಡಿಗೆ ಮಾತ್ರ ಯಾವ ಡಬ್ಬಿನೂ ಇಲ್ಲದೆ ರಬ್ಬರ್ ಬ್ಯಾಂಡ್ ಹಾಕಿ ದೊಡ್ಡ ಡಬ್ಬಿ ಹೊರಗಡೆ ಕಟ್ಟಿದಾಳೆ.

ಕೊನೇದಾಗಿ ಒಂದು ವಿಚಾರಣೆ, ಈ ಸೆಟ್ ತಗೊಂಡಿರೋರು ಯಾರಾದ್ರೂ ಹೇಳಿ, ಚಿಕ್ಕ ಡಬ್ಬಿ ಒಂದೇ ಬಿಡಿಯಾಗಿ ಎಲ್ಲಾದ್ರೂ ಸಿಗತ್ತಾ? ಅಂಗಡೀಲಿ ಕೇಳಿದ್ರೆ ಸೆಟ್ಟೇ ತಗೋಬೇಕು ಸಾರ್ ಅಂತಾರೆ. ನಮ್ಮದು ಎರಡು ವಾರ ಕಾಣ್ತಾನೇ ಇರ್ಲಿಲ್ಲ, ಮಂಚದ ಕೆಳಗೆಲ್ಲ ಹುಡುಕಿದ್ವಿ, ಹೋದ ವಾರ ಗದ್ದೆ ಹತ್ರ ಭಾವ ಶರ್ಟ್ ಜೇಬಿಂದ ತೆಗೆದ್ರು, ಮೇಲೆ ಪ್ರಭೇದ ಅಂತ ಕೆತ್ತಿದೆ, ಒಳಗೆ ಎಲೆ, ಅಡಿಕೆ, ಸುಣ್ಣ.